ಬಷೀರ್ ಮಾಸ್ಟರನ್ನು ತೆಗೆಯಲು ಹೋಗಿ

ಎದುರಿಗೆ ನಿಂತ ಮನುಷ್ಯನಿಗೆ "ನಾಳೆಯಿಂದ ನೀವು ಬೇಡ" ಎಂದು ಹೇಳುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ನಮ್ಮ ಮನೆಗೆ ಹಾಲು ಹಾಕುತ್ತಿದ್ದವನು ಹಸುವಿಗಿಂತ ನಲ್ಲಿಯನ್ನೇ ಹೆಚ್ಚು ನಂಬಿದ್ದ. ಅವನನ್ನು ಬಿಡಿಸಿಬಿಡಿ ಎಂದು ನನ್ನ ಹೆಂಡತಿ ಗಿರಿಜೆ ಒಂದು ಬೆಳಿಗ್ಗೆ ನನ್ನನ್ನು ಬಾಗಿಲಿಗೆ ಕಳಿಸಿದಳು. ನಾನು ಗಂಟಲು ಸರಿಮಾಡಿಕೊಂಡು ಹೋದೆ. ಅವನು ಕ್ಯಾನು ಕೆಳಗಿಟ್ಟು, "ಯಾಕ್ ಸಾರ್ ಇಳಿದೋಗಿದ್ದೀರಿ, ಮೈಗೆ ಹುಷಾರಿಲ್ವಾ?" ಎಂದ. ಅಷ್ಟು ಕಕ್ಕುಲಾತಿಯಿಂದ ನನ್ನನ್ನು ಯಾರೂ ವಿಚಾರಿಸಿ ಬಹಳ ದಿನವಾಗಿತ್ತು. ಒಳಗೆ ಬಂದು ಗಿರಿಜೆಗೆ ಹೇಳಿದೆ: "ನಾಳೆಯಿಂದ ಅರ್ಧ ಲೀಟರ್ ಜಾಸ್ತಿ ಹಾಕ್ತಾನಂತೆ." ಆಕೆ ಇನ್ನೊಂದು ಪಾತ್ರೆ ತಂದು ನನ್ನ ಕೈಗಿಟ್ಟಳು. ನಮ್ಮ ಸಂಸಾರದಲ್ಲಿ ಆಕೆ ಏನೂ ಹೇಳದೆ ಹೇಳಿದ ಮಾತುಗಳೇ ಹೆಚ್ಚು.

ಇಂಥ ನನ್ನನ್ನು, ತಿಪಟೂರಿನ ನಮ್ಮ ಫುಟ್ಬಾಲ್ ಕ್ಲಬ್ಬು ತನ್ನ ಮ್ಯಾನೇಜರನ್ನು ಕೆಲಸದಿಂದ ತೆಗೆಯುವುದಕ್ಕೆ ಆರಿಸಿಕೊಂಡಿತು.

ತಿಪಟೂರಿನಲ್ಲಿ ಫುಟ್ಬಾಲ್ ಕ್ಲಬ್ಬು ಇತ್ತೇ ಎಂದು ನೀವು ಕೇಳಬಹುದು. ಇತ್ತು. ತೊಂಬತ್ತರ ದಶಕದ ಕೊನೆಯ ಮಾತು. ಕ್ಲಬ್ಬಿನ ಹೆಸರು ಹೇಳುವುದಿಲ್ಲ, ಸದಸ್ಯರೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅದು ಹುಟ್ಟಿದಾಗ ಊರಿನ ಹಿರಿಯರು ಮೆಚ್ಚಿರಲಿಲ್ಲ. ದುಂಡಗಿರುವ ವಸ್ತುವನ್ನು ನಮ್ಮ ತೆಂಗಿನ ಸೀಮೆಯಲ್ಲಿ ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ, ಸಿಪ್ಪೆ ಸುಲಿಯುತ್ತಾರೆ, ಅಟ್ಟದ ಮೇಲೆ ಒಣಗಿಸುತ್ತಾರೆ. ಕಾಲಿನಿಂದ ಒದೆಯುವುದಿಲ್ಲ. ಆದರೂ ಕ್ಲಬ್ಬು ಬೆಳೆಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಸೇರಿ ಆರು ತಂಡಗಳಿದ್ದವು. ಅವುಗಳಲ್ಲಿ ನಮ್ಮದೇ ಮೇಲು. ಸತತ ಐದು ವರ್ಷ ಪಂದ್ಯಾವಳಿಯ ಕಪ್ಪು ನಮ್ಮ ಅಧ್ಯಕ್ಷರಾದ ಕೊಬ್ಬರಿ ವರ್ತಕ ರುದ್ರಪ್ಪನವರ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತಿತ್ತು. ಅವರು ಅದರಲ್ಲಿ ಊದುಬತ್ತಿ ಇಡುತ್ತಿದ್ದರು.

ರುದ್ರಪ್ಪನವರು ಅಧ್ಯಕ್ಷರಾದದ್ದು ಆಟ ಗೊತ್ತಿದ್ದರಿಂದಲ್ಲ. ತಮ್ಮ ಗೋದಾಮಿನ ಪಕ್ಕದ ಬಯಲನ್ನು ಮೈದಾನಕ್ಕೆ ಬಿಟ್ಟುಕೊಟ್ಟಿದ್ದರಿಂದ. ನಾನು ಸೆಕ್ರೆಟರಿಯಾದದ್ದೂ ಹಾಗೆಯೇ. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ನನ್ನ ಅಕ್ಷರ ಮುತ್ತಿನಂತಿತ್ತು, ಬೇರೆ ತಂಡಗಳಿಗೆ ಕಾಗದ ಬರೆದು ಪಂದ್ಯ ಗೊತ್ತುಮಾಡಲು ಒಬ್ಬ ಬೇಕಾಗಿತ್ತು. ನಾನು ಜೀವನದಲ್ಲಿ ಒಂದೇ ಒಂದು ಸಲ ಚೆಂಡನ್ನು ಒದ್ದಿದ್ದೇನೆ. ಚಪ್ಪಲಿ ಗೋಲಿಗೆ ಹೋಯಿತು, ಚೆಂಡು ಇದ್ದಲ್ಲೇ ಇತ್ತು.

ಆಟ ಗೊತ್ತಿದ್ದವರು ಬಷೀರ್ ಮಾಸ್ಟರ್ ಒಬ್ಬರೇ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ಹೊಲಿಗೆ ಅಂಗಡಿ. ಮಾಸ್ಟರ್ ಎಂಬುದು ಬಟ್ಟೆ ಕತ್ತರಿಸುವವರಿಗೆ ಊರು ಕೊಡುವ ಬಿರುದು. ಐವತ್ತು ದಾಟಿದ, ತೆಳ್ಳಗಿನ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲನ್ನೇ ಊರೆಲ್ಲ ಹುಡುಕುವ ಮನುಷ್ಯ. ಕೊಬ್ಬರಿ ಮಂಡಿಯ ಹಮಾಲರು, ಗ್ಯಾರೇಜಿನವರು, ಸೈಕಲ್ ಶಾಪಿನವರು ಎಲ್ಲರನ್ನೂ ಸೇರಿಸಿ ತಂಡ ಕಟ್ಟಿದವರು ಅವರು. ಬನಿಯನ್ನು ಚಡ್ಡಿಗಳನ್ನು ಹೊಲಿದುಕೊಟ್ಟವರೂ ಅವರೇ. ಆಟ ಹೇಳಿಕೊಡುವಾಗಲೂ ಅವರಿಗೆ ಬರುತ್ತಿದ್ದದ್ದು ಅಂಗಡಿಯ ಭಾಷೆಯೇ. "ಎಡಗಡೆ ಹೊಲಿಗೆ ಬಿಚ್ಕೊಂಡೈತೆ, ನೋಡ್ಕೊಳ್ರೋ!" ಎಂದರೆ ಎಡಭಾಗದಲ್ಲಿ ಕಾಯುವವರು ಯಾರೂ ಇಲ್ಲ ಎಂದರ್ಥ. ಅದು ನಮ್ಮ ಹುಡುಗರಿಗೆ ಮಾತ್ರ ಅರ್ಥವಾಗುತ್ತಿತ್ತು. ಎದುರಾಳಿಗಳು ತಮ್ಮ ತಮ್ಮ ಚಡ್ಡಿ ನೋಡಿಕೊಳ್ಳುತ್ತಿದ್ದರು. ಆ ಹೊತ್ತಿಗೆ ನಮ್ಮ ಕ್ಯಾಪ್ಟನ್, ಲಾರಿ ಮೆಕ್ಯಾನಿಕ್ ಸೀನ, ಗೋಲು ಹೊಡೆದಿರುತ್ತಿದ್ದ.

ಆರನೆಯ ವರ್ಷ ಏನಾಯಿತೋ, ಸೋಲುವುದಕ್ಕೆ ಶುರುವಾದೆವು. ಮೊದಲು ತುರುವೇಕೆರೆಯವರ ಕೈಲಿ. ಆಕಸ್ಮಿಕ ಎಂದುಕೊಂಡೆವು. ಆಮೇಲೆ ಚಿಕ್ಕನಾಯಕನಹಳ್ಳಿಯವರ ಕೈಲಿ. ಬಿಸಿಲು ಎಂದುಕೊಂಡೆವು. ಹೀಗೆ ಒಂದೊಂದು ಸೋಲಿಗೂ ಒಂದೊಂದು ಕಾರಣ ಕೊಟ್ಟು ಕಾರಣಗಳೆಲ್ಲ ಮುಗಿದುಹೋದ ಹೊತ್ತಿಗೆ ಕಂದಿಕೆರೆಯವರು ಬಂದರು. ಹನ್ನೊಂದು ಜನರಲ್ಲಿ ಎಂಟು ಜನಕ್ಕೆ ಬೂಟಿಲ್ಲ. ಬರಿಗಾಲಿನಲ್ಲಿ ಆಡಿ ನಮಗೆ ಮೂರು ಗೋಲು ಹಾಕಿ, ರುದ್ರಪ್ಪನವರೇ ಕೊಡಿಸಿದ ಎಳನೀರು ಕುಡಿದು ಹೋದರು. ಅದು ಆರನೆಯ ಸೋಲು. ಆವತ್ತು ನಮ್ಮ ಹುಡುಗರು ಓಡುತ್ತಿದ್ದದ್ದನ್ನು ನೋಡಿದರೆ, ಮೈದಾನದ ನಡುವೆ ಯಾರಾದರೂ ಚಾಪೆ ಹಾಸಿದ್ದರೆ ಅಲ್ಲೇ ಮಲಗಿಬಿಡುತ್ತಿದ್ದರೇನೋ ಎನ್ನಿಸುತ್ತಿತ್ತು.

ಊರಿನಲ್ಲಿ ಚರ್ಚೆ ಎದ್ದಿತು. ಕ್ಷೌರದ ಅಂಗಡಿಯಲ್ಲಿ, ಹೋಟೆಲಿನಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ ಕೂಡ ಅದೇ ಮಾತು: ಮ್ಯಾನೇಜರನ್ನು ಬದಲಾಯಿಸಬೇಕೋ ಬೇಡವೋ. ಬದಲಾಯಿಸಬೇಕು ಎನ್ನುವವರ ವಾದ, ಹನ್ನೊಂದು ಜನರನ್ನು ಬದಲಾಯಿಸುವುದಕ್ಕಿಂತ ಒಬ್ಬರನ್ನು ಬದಲಾಯಿಸುವುದು ಸುಲಭ ಎಂಬುದು. ಬೇಡ ಎನ್ನುವವರ ವಾದ, ಐದು ಕಪ್ಪು ತಂದವರೂ ಅವರೇ ಅಲ್ಲವೇ ಎಂಬುದು. ಹಾಗಾದರೆ ಆರನೆಯದು ಎಲ್ಲಿ ಎಂದು ಮೊದಲಿನವರು. ನಾನು ಎರಡೂ ಕಡೆಯವರಿಗೆ "ನೀವು ಹೇಳೋದು ಸರಿ" ಎಂದು ತಲೆಯಾಡಿಸಿ, ಎರಡೂ ಕಡೆ ಕಾಫಿ ಕುಡಿದೆ.

ಅಷ್ಟರಲ್ಲಿ ರುದ್ರಪ್ಪನವರು ಪೇಪರಿನಲ್ಲಿ ಒಂದು ಸುದ್ದಿ ಓದಿದರು. ವಿದೇಶದ ಯಾವುದೋ ಭಾರೀ ಕ್ಲಬ್ಬು ನಾಲ್ಕು ಪಂದ್ಯ ಸೋತದ್ದಕ್ಕೆ ಮ್ಯಾನೇಜರನ್ನು ಮನೆಗೆ ಕಳಿಸಿತ್ತಂತೆ. ನನ್ನನ್ನು ಅಂಗಡಿಗೆ ಕರೆಸಿದರು.

"ನೋಡ್ರೀ ಸೆಕ್ರೆಟ್ರಿಗಳೇ, ಅಲ್ಲಿ ನಾಕಕ್ಕೇ ತೆಗೆದವ್ರೆ. ನಾವು ಆರು ಆದ್ರೂ ಸುಮ್ಕಿದ್ದೀವಿ. ತುರುವೇಕೆರೆ ಕಡೆ ಒಬ್ಬ ಪಿ.ಟಿ. ಮೇಷ್ಟ್ರವ್ರಂತೆ. ಸ್ವಂತ ಸೀಟಿ ಮಡಿಕ್ಕೊಂಡವ್ರೆ. ಅವರನ್ನ ತರಾನ. ಬಷೀರಣ್ಣನಿಗೆ ನೀವು ಒಂದ್ಮಾತು ಹೇಳ್ಬುಡಿ."

"ನಾನಾ ಯಜಮಾನ್ರೇ?"

"ನೀವಲ್ದೆ ಇನ್ಯಾರು? ಓದಿದೋರು. ನಯವಾಗಿ ಹೇಳ್ತೀರಿ. ನನ್ ಹೆಸರು ಮಾತ್ರ ಬರಬಾರ್ದು ಕಣ್ರೀ. ನನ್ ಬಟ್ಟೆ ಎಲ್ಲ ಅವರೇ ಹೊಲಿಯೋದು."

ನಾನು ಆಗಲ್ಲ ಎನ್ನಬೇಕಿತ್ತು. ಆದರೆ ಅವರೂ ಎದುರಿಗೆ ಕೂತಿದ್ದರಲ್ಲ! "ಆಗಲಿ" ಎಂದೆ.

ಮಾರನೆಯ ದಿನ ಸ್ಕೂಲು ಬಿಟ್ಟವನೇ ಮಾಸ್ಟರ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತನ್ನು ಕಚೇರಿಯ ಕಾಗದದಂತೆ ಸಿದ್ಧಮಾಡಿಕೊಂಡಿದ್ದೆ: ತಮ್ಮ ದೀರ್ಘಕಾಲದ ಸೇವೆಯನ್ನು ಸ್ಮರಿಸುತ್ತಾ, ಬದಲಾದ ಸಂದರ್ಭದಲ್ಲಿ, ಇತ್ಯಾದಿ. ಮಾಸ್ಟರು ಮೆಷಿನ್ನಿನಿಂದ ಎದ್ದು, ಸ್ಟೂಲನ್ನು ಹೆಗಲ ಟವಲಿನಿಂದ ಒರೆಸಿದರು. "ಬನ್ನಿ ಸಾರ್, ಕೂತ್ಕೊಳಿ. ಏನ್ ಇಷ್ಟು ದೂರ?"

"ಅದೇ ಮಾಸ್ಟ್ರೇ, ಒಂದು ವಿಷಯ..."

"ಹೇಳಿ."

ನಾನು ಅವರ ಮುಖ ನೋಡಿದೆ. ಕತ್ತಿನಲ್ಲಿ ನೇತಾಡುತ್ತಿದ್ದ ಟೇಪು ನೋಡಿದೆ. "ಒಂದು ಪ್ಯಾಂಟು ಹೊಲಿಸಬೇಕಿತ್ತು" ಎಂದೆ.

ಅವರು ಸೊಂಟದ ಅಳತೆ ತೆಗೆದುಕೊಂಡರು. ಮೂರು ದಿನ ಬಿಟ್ಟು ಮತ್ತೆ ಹೋದೆ. ಷರ್ಟಿಗೆ ಅಳತೆ ಕೊಟ್ಟು ಬಂದೆ. ರುದ್ರಪ್ಪನವರು ದಾರಿಯಲ್ಲಿ ಸಿಕ್ಕಾಗಲೆಲ್ಲ ಹುಬ್ಬು ಏರಿಸಿ "ಆಯ್ತಾ?" ಎನ್ನುತ್ತಿದ್ದರು. "ಅಳತೆಗೆ ಬಂದಿದೆ ಯಜಮಾನ್ರೇ" ಎನ್ನುತ್ತಿದ್ದೆ. ಅದು ಸುಳ್ಳೇನೂ ಅಲ್ಲ. ಮೂರನೆಯ ಸಲ, ಈ ಸಲ ಹೇಳಿಯೇ ಬಿಡುತ್ತೇನೆಂದು ಹಲ್ಲು ಕಚ್ಚಿಕೊಂಡು ಹೋದವನು ಸಫಾರಿ ಸೂಟಿಗೆ ಹೇಳಿ ಬಂದೆ. ಗಿರಿಜೆ ಹೊಸ ಬಟ್ಟೆಗಳನ್ನು ಬೀರುವಿನಲ್ಲಿ ಇಡುತ್ತಾ, "ಏನ್ರೀ, ಎರಡನೇ ಮದುವೆಗೇನಾದ್ರೂ ತಯಾರಿ ನಡೀತಿದೆಯಾ?" ಎಂದಳು. ವಿಷಯ ಹೇಳಿದೆ. ಅವಳು ನಕ್ಕು ನಕ್ಕು ಮಂಚದ ಮೇಲೆ ಕೂತಳು. "ಅವರನ್ನ ಬೇಗ ತೆಗೀರಿ. ಇಲ್ಲದಿದ್ರೆ ನಮ್ಮ ಮನೆಗೆ ಇನ್ನೊಂದು ಬೀರು ತರಬೇಕಾಗುತ್ತೆ."

ಈ ನಡುವೆ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಯಾವತ್ತೂ ನಮ್ಮ ಸ್ಕೂಲಿನ ಕಡೆ ಬಾರದ ಮಾಸ್ಟರು ವಾರಕ್ಕೊಮ್ಮೆ ನನ್ನ ಟೇಬಲ್ಲಿನ ಮುಂದೆ ಬಂದು ಕೂರತೊಡಗಿದರು. ಮೊದಲ ಸಲ ಸ್ವಲ್ಪ ಹೊತ್ತು ಕೈ ಹಿಸುಕಿಕೊಂಡು ಕೂತು, "ನಮ್ ಓಣಿ ಬೀದಿದೀಪಕ್ಕೆ ಒಂದು ಅರ್ಜಿ ಬರಕೊಡಿ ಸಾರ್" ಎಂದರು. ಬರೆದುಕೊಟ್ಟೆ. ಮುಂದಿನ ವಾರ ನಲ್ಲಿ ನೀರಿಗೆ. ಅದರ ಮುಂದಿನ ವಾರ ಬೀದಿನಾಯಿಗಳ ಬಗ್ಗೆ. ಇಷ್ಟು ನಂಬಿಕೆಯಿಂದ ನನ್ನ ಹತ್ತಿರ ಬರುವ ಮನುಷ್ಯನ ಕುತ್ತಿಗೆ ಕೊಯ್ಯುವ ಕೆಲಸ ನನ್ನ ಪಾಲಿಗೆ ಬಂತಲ್ಲ! ಆ ನಾಯಿಗಳ ಅರ್ಜಿಯನ್ನು ನಾನು ಎಷ್ಟು ಕರುಳು ಕರಗುವಂತೆ ಬರೆದೆನೆಂದರೆ, ಅದು ನಾಯಿಗಳ ಪರವೋ ವಿರುದ್ಧವೋ ಎಂದು ಓದಿದವರು ಹೇಳುವಂತಿರಲಿಲ್ಲ.

ಕೊನೆಗೆ ಸಫಾರಿ ತಯಾರಾಯಿತು. ತೊಟ್ಟು ನೋಡಲು ಅಂಗಡಿಗೆ ಹೋದೆ. ಮಾಸ್ಟರು ಹಿಂದಿನಿಂದ ಕೋಟಿನ ಅಂಚು ಎಳೆದು ಸರಿಮಾಡುತ್ತಿದ್ದರು. ಅವರ ಮುಖ ಕಾಣುತ್ತಿರಲಿಲ್ಲ. ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಭಂಗಿ ಸಿಗದು ಎನ್ನಿಸಿತು. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಒಂದೇ ಉಸಿರಿಗೆ ಹೇಳಿಬಿಟ್ಟೆ: "ಮಾಸ್ಟ್ರೇ, ನನಗೆ ಈ ಬಟ್ಟೆ ಯಾವುದೂ ಬೇಕಾಗಿರಲಿಲ್ಲ. ನಿಮ್ಮನ್ನ ಮ್ಯಾನೇಜರ್ ಕೆಲಸದಿಂದ ಬಿಡಿಸಬೇಕು ಅಂತ ಯಜಮಾನ್ರು ನನ್ನನ್ನ ಕಳಿಸಿದ್ರು."

ಕೋಟಿನ ಅಂಚು ಇನ್ನೂ ಅವರ ಕೈಯಲ್ಲೇ ಇತ್ತು. ಹಿಂದಿನಿಂದ ಮೆಲ್ಲಗೆ ಧ್ವನಿ ಬಂತು. "ಸಾರ್, ನಮ್ ಓಣಿ ಬೀದಿದೀಪ ಚೆನ್ನಾಗೇ ಉರೀತದೆ."

ತಿರುಗಿದೆ. ಅವರ ಮುಖ ಬೆವೆತಿತ್ತು.

"ನಲ್ಲೀಲೂ ನೀರು ಬರ್ತದೆ. ನಾಯಿಗಳೂ ಪಾಪ, ಒಳ್ಳೇವೇ. ನಿಮ್ಮನ್ನ ಸೆಕ್ರೆಟ್ರಿ ಕೆಲಸದಿಂದ ಬಿಡಿಸಬೇಕು, ನೀವೇ ಒಂದ್ಮಾತು ಹೇಳ್ಬುಡಿ ಅಂತ ರುದ್ರಪ್ಪನೋರು ನನ್ನ ಕಳಿಸಿದ್ರು. ತಮ್ ಹೆಸರು ಬರಬಾರ್ದು ಅಂದಿದ್ರು."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ನಕ್ಕವರು ಅವರು. ನಾನೂ ನಕ್ಕೆ; ನಗುವಿನ ಭರಕ್ಕೆ ಸಫಾರಿಯ ಒಂದು ಗುಂಡಿ ಹಾರಿಹೋಯಿತು. ನಕ್ಕು ಮುಗಿದ ಮೇಲೆ ನನಗೆ ಸಣ್ಣದೊಂದು ಮುಳ್ಳು ಚುಚ್ಚತೊಡಗಿತು. ಅವರನ್ನು ತೆಗೆಯುವುದಕ್ಕಾದರೆ ಆರು ಸೋಲಿನ ಕಾರಣವಿದೆ. ನನ್ನನ್ನು ಯಾಕೆ ತೆಗೆಯಬೇಕು?

"ನಾನೇನು ತಪ್ಪು ಮಾಡಿದೆ ಮಾಸ್ಟ್ರೇ?"

"ಅಯ್ಯೋ, ಅದೆಲ್ಲ ಯಾಕೆ ಬುಡಿ ಸಾರ್. ಟೀ ಕುಡೀರಿ" ಎಂದು ಅವರು ಗುಂಡಿ ಹುಡುಕಲು ಮೆಷಿನ್ನಿನ ಕೆಳಗೆ ಬಗ್ಗಿದರು.

ಟೀ ಕುಡಿಯುತ್ತಾ ಉಪಾಯ ಹೂಡಿದವನು ನಾನೇ. ಮುಂದಿನ ಸಭೆಯಲ್ಲಿ ಇಬ್ಬರೂ ಒಟ್ಟಿಗೆ ರಾಜೀನಾಮೆ ಕೊಡುವುದು. ಹುಡುಗರು ಕಣ್ಣೀರು ಹಾಕುತ್ತಾರೆ, ರುದ್ರಪ್ಪನವರು ಕಕ್ಕಾಬಿಕ್ಕಿಯಾಗುತ್ತಾರೆ, ಇಬ್ಬರನ್ನೂ ಬೇಡಿಕೊಂಡು ಉಳಿಸಿಕೊಳ್ಳುತ್ತಾರೆ. ಮಾಸ್ಟರು ಅನುಮಾನದಿಂದ ತಲೆ ಕೆರೆದುಕೊಂಡು, "ಸಾರ್, ನಿಜವಾಗ್ಲೂ ತಗೊಂಡ್ಬುಟ್ರೆ?" ಎಂದರು. "ನನ್ನನ್ನ ನೋಡಿ ಧೈರ್ಯ ತಗೊಳ್ಳಿ" ಎಂದೆ. ಇಬ್ಬರ ರಾಜೀನಾಮೆಯನ್ನೂ ನಾನೇ ಬರೆದೆ. ಅವರದು ನಾಲ್ಕು ಸಾಲು. ನನ್ನದು ಎರಡು ಪುಟ.

ಸಭೆ ಗೋದಾಮಿನಲ್ಲಿ ನಡೆಯಿತು. ಕೊಬ್ಬರಿ ಚೀಲಗಳ ಮೇಲೆ ಹುಡುಗರೆಲ್ಲ ಕೂತಿದ್ದರು. ನಾನು ಹೊಸ ಸಫಾರಿ ತೊಟ್ಟು ಹೋಗಿದ್ದೆ. ಮೊದಲು ಮಾಸ್ಟರ ಕಾಗದ ಓದಿದೆ. ಮೂರನೆಯ ಸಾಲಿಗೇ ಸೀನ ಚೀಲದಿಂದ ಧುಮುಕಿದ.

"ಯಾಕ್ ಮಾಸ್ಟ್ರೇ? ಯಾವನಂದ ನಿಮಗೆ? ನೀವು ಹೋದ್ರೆ ನಾವೂ ಬೂಟು ಬಿಚ್ಚಿಟ್ಟು ಹೋಯ್ತೀವಿ. ಏನ್ರಲಾ?"

"ಹೂಂ ಕಣ್ಲಾ!" ಎಂದು ಗೋದಾಮು ಗುಡುಗಿತು. ರುದ್ರಪ್ಪನವರು ಎದ್ದು ನಿಂತು, "ಛೆ ಛೆ, ಬಷೀರಣ್ಣನ್ನ ಬುಡ್ತೀವಾ! ಇದ್ಯಾರ ತಲೇಲಿ ಹುಟ್ತೋ!" ಎಂದು ಮಾಸ್ಟರ ಕೈಯಿಂದ ಏನನ್ನೋ ಕಿತ್ತುಕೊಂಡು ಹರಿದುಹಾಕಿದರು. ಅದು ಯಾರದೋ ಪ್ಯಾಂಟಿನ ಅಳತೆ ಚೀಟಿ. ರಾಜೀನಾಮೆ ನನ್ನ ಕೈಯಲ್ಲೇ ಇತ್ತು. ಮಾಸ್ಟರು ಟವಲಿನಿಂದ ಕಣ್ಣೊರೆಸಿಕೊಂಡರು. ಅದೇ ಹುಮ್ಮಸ್ಸಿನಲ್ಲಿ ನನ್ನ ಎರಡು ಪುಟ ಶುರುಮಾಡಿದೆ. ಮೊದಲ ಪುಟದ ಅರ್ಧಕ್ಕೆ ಬಂದಿದ್ದೆ.

"ಸಾರ್ ಹೇಳೋದ್ರಲ್ಲೂ ನ್ಯಾಯ ಐತೆ" ಎಂದ ಸೀನ. "ಪಾಪ, ಸ್ಕೂಲ್ ಕೆಲಸನೇ ತಲೆ ಮ್ಯಾಲಿರ್ತದೆ. ಎಷ್ಟೂಂತ ಮಾಡ್ತಾರೆ? ಬುಡಾನ ಅವರನ್ನ."

"ಬುಡಾನ, ಬುಡಾನ" ಎಂದು ಚೀಲಗಳ ಮೇಲಿಂದ ಬಹಳ ಕನಿಕರದ ಧ್ವನಿಗಳು ಬಂದವು. ಚಪ್ಪಾಳೆ ಕೂಡ ಬಿತ್ತು. ಎರಡನೆಯ ಪುಟವನ್ನು ಓದಲು ಯಾರೂ ಕೇಳಲಿಲ್ಲ. ಅದರಲ್ಲೇ ಒಳ್ಳೆಯ ಮಾತುಗಳಿದ್ದದ್ದು.

ನಾನು ಸಫಾರಿಯ ಕಾಲರ್ ಸಡಿಲಿಸಿಕೊಂಡು, "ಆಗಲಿ ಕಣಪ್ಪ, ಆದ್ರೆ ನಾನು ಮಾಡಿದ ತಪ್ಪೇನು, ಅದನ್ನಾದ್ರೂ ಹೇಳಿ" ಎಂದೆ. ಸೀನ ಮಾಸ್ಟರ ಮುಖ ನೋಡಿದ. ಮಾಸ್ಟರು ಬೇಡ ಎಂಬಂತೆ ಕಣ್ಣು ಮಿಟುಕಿಸಿದರು. ಸೀನ ಹೇಳಿಯೇಬಿಟ್ಟ.

"ಮೊದ್ಲು ಮ್ಯಾಚು ಭಾನುವಾರ ಇರ್ತಿತ್ತು ಸಾರ್. ಈ ವರ್ಷದಿಂದ ನೀವು ಶನಿವಾರಕ್ಕೆ ಹಾಕಿದ್ರಿ. ಶನಿವಾರ ಮಂಡೀಲಿ ಹರಾಜು. ಬೆಳಗಿಂದ ಚೀಲ ಹೊತ್ತು, ಲಾರಿ ತುಂಬಿ, ಹಂಗೇ ಮೈದಾನಕ್ಕೆ ಬರ್ತೀವಿ. ಕಾಲು ಎತ್ತಕ್ಕೆ ಆಗಲ್ಲ, ಇನ್ನ ಚೆಂಡೆಲ್ಲಿ ಒದಿಯಾನ?"

"ನನಗೆ ಯಾರೂ ಹೇಳಲೇ ಇಲ್ವಲ್ಲ!"

"ಹೇಳಿದ್ವಿ ಸಾರ್. ಅರ್ಜಿ ಕೊಡಿ ಅಂದ್ರಿ."

"ಕೊಡಬೇಕಿತ್ತು."

"ಕೊಟ್ವಿ ಸಾರ್. ಹನ್ನೊಂದು ಜನನೂ ಸೈನ್ ಹಾಕಿ ಕೊಟ್ವಿ. ನಿಮ್ಮಿಂದ ಉತ್ತರ ಬರ್ಲಿಲ್ಲ ಅಂತ ಯಜಮಾನ್ರಿಗೂ ಹೇಳಿದ್ವಿ."

ಕ್ಲಬ್ಬಿನ ಫೈಲು ನನ್ನ ಕಂಕುಳಲ್ಲೇ ಇತ್ತು. ತೆರೆದೆ. ಅರ್ಜಿ ಇತ್ತು. ಹನ್ನೊಂದು ಸಹಿಯೂ ಇತ್ತು, ಗ್ರೀಸಿನ ಬೆರಳಚ್ಚಿನ ಸಮೇತ. ಅದರ ಮೂಲೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: "ಪರಿಶೀಲಿಸಲಾಗುವುದು." ಕೆಳಗೆ ನನ್ನ ಚಿಕ್ಕ ರುಜು.

ಶನಿವಾರ ನಮಗೆ ಬೆಳಗಿನ ಸ್ಕೂಲು, ಮಧ್ಯಾಹ್ನ ಬಿಡುವು. ಭಾನುವಾರವಾದರೆ ಎಣ್ಣೆ ಸ್ನಾನ, ಊಟ, ಆಮೇಲೆ ಟೀವಿಯಲ್ಲಿ ಸಂಜೆಯ ಸಿನಿಮಾ. ಪಂದ್ಯವನ್ನು ಶನಿವಾರಕ್ಕೆ ತಂದದ್ದು ಇಷ್ಟಕ್ಕೇ. ಹೀಗೆ ಬರಿಗಾಲಿನ ಕಂದಿಕೆರೆಯವರು ನಮಗೆ ಹಾಕಿದ ಮೂರು ಗೋಲುಗಳಿಗೆ ಕಾರಣ ನನ್ನ ತಲೆಯ ಹರಳೆಣ್ಣೆ ಎಂಬ ಸತ್ಯ ಆವತ್ತು ಗೋದಾಮಿನಲ್ಲಿ ಬಯಲಾಯಿತು. ಎದ್ದು ಹೊರಟೆ. ಬಾಗಿಲವರೆಗೆ ಬಂದ ಮಾಸ್ಟರು, "ಬೇಜಾರ್ ಮಾಡ್ಕೋಬೇಡಿ ಸಾರ್. ಸಫಾರಿ ಮಾತ್ರ ಚೆನ್ನಾಗಿ ಕೂತೈತೆ" ಎಂದರು. ಅವರು ಅದನ್ನು ನಿಜವಾದ ಪ್ರೀತಿಯಿಂದಲೇ ಹೇಳಿದ್ದು.

ಸೀನನೇ ಸೆಕ್ರೆಟರಿಯಾದ. ಅವನ ಅಕ್ಷರ ಕೋಳಿ ಕೆದರಿದ ಹಾಗೆ. ಆದರೆ ಪಂದ್ಯಗಳು ಭಾನುವಾರಕ್ಕೆ ಹೋದವು. ಮುಂದಿನ ಭಾನುವಾರವೇ ಚಿಕ್ಕನಾಯಕನಹಳ್ಳಿಯವರನ್ನು ಸೋಲಿಸಿದರು. ನಾನು ಸಿನಿಮಾ ನೋಡುತ್ತಿದ್ದೆ. ಮೈದಾನದ ಕಡೆಯಿಂದ ಒಂದೊಂದು ಕೂಗು ಬಂದಾಗಲೂ ಗಿರಿಜೆ ಬೆರಳು ಮಡಿಸಿ, "ಎರಡಾಯ್ತು... ಮೂರಾಯ್ತು" ಎನ್ನುತ್ತಿದ್ದಳು. ನಾನು ಟೀವಿಯ ಸದ್ದು ಜಾಸ್ತಿ ಮಾಡಿದೆ. ಆ ಸಂಜೆ ಮಾಸ್ಟರು ನಮ್ಮ ಮನೆಗೆ ಬಂದು, ಗಿರಿಜೆ ಕೊಟ್ಟ ಕೋಡುಬಳೆ ತಿಂದು, ಇಡೀ ಆಟವನ್ನು ಊಟದ ಮೇಜಿನ ಮೇಲೆ ಲೋಟಗಳನ್ನಿಟ್ಟು ಆಡಿ ತೋರಿಸಿ ಹೋದರು. ಯಾವ ಅರ್ಜಿಯನ್ನೂ ಬರೆಸಲಿಲ್ಲ. ಮುಂದಿನ ವರ್ಷದ ಕೊನೆಗೆ ಕಪ್ಪು ರುದ್ರಪ್ಪನವರ ಅಂಗಡಿಗೆ ವಾಪಸು ಬಂತು. ಮ್ಯಾನೇಜರನ್ನು ಬದಲಾಯಿಸದೆ ಉಳಿಸಿಕೊಂಡ ತಮ್ಮ ದೂರದೃಷ್ಟಿಯ ಬಗ್ಗೆ ಅವರು ಸಮಾರಂಭದಲ್ಲಿ ಬಹಳ ಹೊತ್ತು ಮಾತಾಡಿದರು.

ಅದರ ಮರುವರ್ಷ ನನಗೆ ತುರುವೇಕೆರೆಯ ಸ್ಕೂಲಿಗೆ ವರ್ಗವಾಯಿತು. ಅಲ್ಲಿ ಚಾರ್ಜು ತೆಗೆದುಕೊಂಡ ವಾರದೊಳಗೆ ಅಲ್ಲಿನ ಫುಟ್ಬಾಲ್ ಕ್ಲಬ್ಬಿನವರು ನಾಲ್ಕು ಜನ ಮನೆಗೆ ಬಂದರು. ಕಪ್ಪು ಗೆದ್ದ ಕ್ಲಬ್ಬಿನ ಹಳೆಯ ಸೆಕ್ರೆಟರಿ ತಮ್ಮೂರಿಗೆ ಬಂದದ್ದು ತಮ್ಮ ಪುಣ್ಯ, ನೀವೇ ನಮ್ಮ ಸೆಕ್ರೆಟರಿಯಾಗಬೇಕು ಎಂದರು. ಎದುರಿಗೇ ಕೂತು ಕೇಳುತ್ತಿದ್ದರು. ಬೇಡ ಎನ್ನುವುದು ಹೇಗೆ? ಆದರೂ ಹಳೆಯ ಕ್ಲಬ್ಬಿನವರು ತಪ್ಪು ತಿಳಿದಾರೆಂದು ತಿಪಟೂರಿಗೆ ಹೋದಾಗ ಸೀನನನ್ನು ಕೇಳಿದೆ. ಲಾರಿಯ ಕೆಳಗಿನಿಂದ ಅವನು ತೆವಳಿಕೊಂಡು ಹೊರಗೆ ಬಂದು, ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡ.

"ಒಪ್ಕೊಳ್ಳಿ ಸಾರ್. ಅವರಿಗೆ ನಿಮ್ಮಂಥೋರೇ ಬೇಕು."

ಒಪ್ಪಿಕೊಂಡೆ. ಆ ವರ್ಷ ತಿಪಟೂರಿನವರು ನಮ್ಮನ್ನು ಐದು ಗೋಲುಗಳಿಂದ ಸೋಲಿಸಿದರು. ಆಟ ಮುಗಿದ ಮೇಲೆ ಸೀನ ಮೈದಾನದ ಆ ತುದಿಯಿಂದ ಓಡಿಬಂದು, ಎಲ್ಲರೆದುರಿಗೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಎಲ್ಲಾ ನಿಮ್ಮಿಂದ ಸಾರ್" ಎಂದ. ಅವನ ಹಿಂದೆ ನಿಂತಿದ್ದ ಬಷೀರ್ ಮಾಸ್ಟರೂ ಹೌದೆಂದು ತಲೆಯಾಡಿಸಿದರು. ತುರುವೇಕೆರೆಯ ಜನ ನನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದರು, ಎಂಥ ದೊಡ್ಡ ಮನುಷ್ಯ ತಮಗೆ ಸಿಕ್ಕಿದ್ದಾನೆಂದು.